ಚಳಿ ಮೊದಲು ಬೆನ್ನಿಗೆ ಬರುತ್ತದೆ

ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಒಂದು ಹಳೆಯ ಗೊರಬೆ, ಅಂದರೆ ಮಳೆಗೆ ತಲೆಯ ಮೇಲಿಂದ ಬೆನ್ನಿಗೆ ಹೊದೆಯುವ ಸಾಧನ, ತೂಗುತ್ತಿದೆ. ಒಣಗಿದ ಎಲೆ, ಬಿದಿರಿನ ಸೀಳು, ಕಟ್ಟಲು ಬಳ್ಳಿ. ಇಷ್ಟೇ ಅದರ ಸಾಮಾನು. ನೋಡಲು ಮಗುಚಿ ಹಾಕಿದ ಸಣ್ಣ ದೋಣಿಯ ಹಾಗಿದೆ. ಅಮ್ಮ ಗದ್ದೆಗೆ ಇಳಿದು ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದ ಕಾಲದ್ದು. ಆ ಗದ್ದೆ ಈಗ ಅಡಿಕೆ ತೋಟ ಆಗಿದೆ. ಗೊರಬೆಯನ್ನು ಮಾತ್ರ ಎಸೆಯಲು ಅಮ್ಮ ಬಿಡುವುದಿಲ್ಲ.

ಕಳೆದ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ರಜೆಗೆ ಬಂದಾಗ ಅದರ ಪಕ್ಕದಲ್ಲೇ ನನ್ನ ಹೊಸ ವೆಟ್‌ಸೂಟ್ ನೇತು ಹಾಕಿದೆ. ತಣ್ಣೀರಿಗೆ ಇಳಿಯುವಾಗ ಹಾಕುವ, ಕಪ್ಪು ಬಣ್ಣದ, ಕತ್ತಿನಿಂದ ಕಾಲಿನ ಗಂಟಿನವರೆಗೆ ಬರುವ ರಬ್ಬರಿನ ಬಟ್ಟೆ. ಸಂಜೆ ದನಕ್ಕೆ ಹುಲ್ಲು ಹಾಕಿ ಬಂದ ಅಮ್ಮ ಅದನ್ನು ನೋಡಿ ನಿಂತಳು. ಆಮೇಲೆ ಹತ್ತಿರ ಬಂದು, ಬೆನ್ನಿನ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಎದೆಯ ಭಾಗ ಮುಟ್ಟಲಿಲ್ಲ. ತೋಳು ಮುಟ್ಟಲಿಲ್ಲ.

"ಚಳಿ ಮೊದಲು ಬೆನ್ನಿಗೆ ಬರುವುದು ಮಗಾ. ಇಲ್ಲಿ ದಪ್ಪ ಉಂಟಾ?" ಅಂತ ಕೇಳಿದಳು.

ನಮ್ಮದು ತುಳು ಮಾತಾಡುವ ಮನೆ. ಶಾಲೆಯಲ್ಲಿ ಕನ್ನಡ ಕಲಿತೆ, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳ ಕಲಿತೆ. ಕಾಸರಗೋಡಿನ ಉತ್ತರದ ತುದಿಯ ಬಾಯಾರಿನ ಕಡೆಯವರಿಗೆ ಇದು ಹೊಸತೇನಲ್ಲ. ಅಮ್ಮ ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಒಂದು ಮಾತಿನಿಂದ ನಾನು ಮೂರು ವರ್ಷ ತಪ್ಪಾಗಿ ಕೊಂಡ ಸಾಮಾನುಗಳ ಲೆಕ್ಕ ನನಗೆ ಸರಿಯಾಗಿ ಸಿಕ್ಕಿತು. ಅದನ್ನು ಬರೆದಿಡಬೇಕು ಅಂತ ಅಂದಿನಿಂದ ಅನಿಸುತ್ತಿತ್ತು.

ನಾನು ನರ್ಸ್. ಕೆನಡಾದ ಒಂಟಾರಿಯೊದಲ್ಲಿ ಕೆಲಸ. ಅಲ್ಲಿ ಕೆರೆಗಳಿಗೆ ಲೆಕ್ಕವೇ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರ ಮನೆ ಅಂಥದ್ದೇ ಒಂದು ಕೆರೆಯ ದಡದಲ್ಲಿದೆ. ಅವರ ಬೋಟಿನ ಹಿಂದೆ ನಾನು ವಾಟರ್ ಸ್ಕೀಯಿಂಗ್ ಕಲಿತೆ. ಈಜು ಬರುತ್ತಿತ್ತು, ಅದು ನಮ್ಮ ತೋಟದ ಕೆರೆ ಕಲಿಸಿದ್ದು. ಕಾಲಿಗೆ ಹಲಗೆ ಕಟ್ಟಿಕೊಂಡು, ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ನೀರಿನ ಮೇಲೆ ನಿಂತುಕೊಂಡೇ ಹೋಗುವ ಆಟ ಇದು. ಅಮ್ಮನಿಗೆ ಫೋನಿನಲ್ಲಿ ವಿಡಿಯೋ ತೋರಿಸಿದಾಗ ಅವಳಿಗೆ ಏನೂ ವಿವರಿಸಬೇಕಾಗಲಿಲ್ಲ. "ಇದು ಕಂಬಳದ ಹಲಗೆ ಓಟ ಅಲ್ವಾ? ಕೋಣದ ಬದಲು ಬೋಟ್," ಅಂದಳು. ನಿಜ. ಪೈವಳಿಕೆಯ ಕಂಬಳದಲ್ಲಿ, ಕೋಣ ಎಳೆಯುವ ಹಲಗೆಯ ಮೇಲೆ ನಿಂತು ಹೋಗುವ ಕೆನೆ ಹಲಗೆಯ ಓಟ ನೋಡಿದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಹಲಗೆಯ ತೂತಿನಿಂದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಚಿಮ್ಮುವ ಹಾಗೆಯೇ, ಸ್ಕೀ ಓರೆಯಾಗಿ ತಿರುಗುವಾಗ ಪಕ್ಕದಲ್ಲಿ ನೀರಿನ ಗೋಡೆ ಏಳುತ್ತದೆ.

ಈ ಆಟವನ್ನು ಮೊದಲು ಮಾಡಿ ತೋರಿಸಿದ್ದು ಅಮೆರಿಕದ ಮಿನ್ನೆಸೋಟಾದ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ. 1922ರಲ್ಲಿ, ಲೇಕ್ ಪೆಪಿನ್ ಎಂಬ ಕೆರೆಯಲ್ಲಿ. ಆಗ ಅವನಿಗೆ 19 ತುಂಬುವುದರಲ್ಲಿತ್ತು. ಮರದ ಹಲಗೆಗಳ ತುದಿಯನ್ನು ಕುದಿಯುವ ನೀರಿನಲ್ಲಿ ಮೆದು ಮಾಡಿ ಮೇಲಕ್ಕೆ ಬಾಗಿಸಿದ್ದ, ಕಾಲಿಗೆ ಚರ್ಮದ ಪಟ್ಟಿ ಹಾಕಿದ್ದ. ಅವತ್ತು ವೆಟ್‌ಸೂಟ್ ಎಂಬುದೇ ಇರಲಿಲ್ಲ. ಅದು ಬರಲು ಇನ್ನೂ 30 ವರ್ಷ ಬೇಕಾಯಿತು.

ನನ್ನ ಮೊದಲ ವರ್ಷ ಜುಲೈ, ಆಗಸ್ಟ್ ಮಾತ್ರ ಸ್ಕೀ ಮಾಡಿದ್ದು. ಆಗ ಅಲ್ಲಿನ ನೀರು ಹಿತವಾಗಿರುತ್ತದೆ. ಎರಡನೆಯ ವರ್ಷ ಆಸೆ ಜಾಸ್ತಿ ಆಯಿತು. ಅಕ್ಟೋಬರ್‌ನಲ್ಲಿ ದಡದ ಮೇಪಲ್ ಮರಗಳೆಲ್ಲ ಕೆಂಪಾಗುತ್ತವೆ, ಬೇಸಗೆಯ ಜನ ಊರಿಗೆ ಮರಳಿರುತ್ತಾರೆ, ಕೆರೆ ಕನ್ನಡಿಯ ಹಾಗೆ ಇರುತ್ತದೆ. ಸ್ಕೀ ಮಾಡುವವರಿಗೆ ಅಲೆ ಇಲ್ಲದ ನೀರಿಗಿಂತ ದೊಡ್ಡ ಸುಖ ಇಲ್ಲ. ಆದರೆ ನೀರು 12 ಡಿಗ್ರಿ.

ಒಂದು ಅಂಗಡಿಗೆ ಹೋಗಿ ಚಳಿಗೆ ಯಾವುದು ಒಳ್ಳೆಯದು ಅಂತ ಕೇಳಿದೆ. ದಪ್ಪ ಇದ್ದಷ್ಟೂ ಬೆಚ್ಚಗೆ ಅಂತ ಹೇಳಿ 5 ಮಿಲಿಮೀಟರ್ ದಪ್ಪದ ಸೂಟ್ ಕೊಟ್ಟರು. ಅದು ನೀರಿನೊಳಗೆ ಮುಳುಗುವವರಿಗೆ ಮಾಡಿದ್ದು ಅಂತ ಆಮೇಲೆ ಗೊತ್ತಾಯಿತು. ಅಳತೆಯೂ ಒಂದು ಸೈಜ್ ದೊಡ್ಡದು. ಹಾಕಲು ಸುಲಭ ಅಂತ ನಾನೂ ಖುಷಿಯಿಂದಲೇ ತಂದೆ.

ಅವತ್ತು ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಸಲ ಬಿದ್ದಾಗಲೇ ಕತ್ತಿನ ಹತ್ತಿರದಿಂದ ತಣ್ಣೀರು ಒಳಗೆ ನುಗ್ಗಿ ಬೆನ್ನಿನುದ್ದಕ್ಕೂ ಇಳಿಯಿತು. ಸ್ಕೀ ಮಾಡುವಾಗ ಏನೂ ಅನಿಸಲಿಲ್ಲ. ಮೈಯೆಲ್ಲ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಹಗ್ಗದಲ್ಲಿರುತ್ತದೆ. ಬಿದ್ದ ಮೇಲೆ ಬೋಟ್ ಸುತ್ತಿ ಬರುವ ತನಕ ನೀರಿನಲ್ಲಿ ತೇಲುತ್ತಾ ಕಾಯಬೇಕು. ಆಗ ಶುರುವಾಯಿತು. ಆಮೇಲೆ ಬೋಟಿಗೆ ಹತ್ತಿ, ಒದ್ದೆ ಸೂಟಿನಲ್ಲೇ ಗಾಳಿಗೆ ಕೂತು, ಬೇರೆ ಇಬ್ಬರ ಸರದಿ ಮುಗಿಯುವುದನ್ನು ಕಾದೆ. ಅರ್ಧ ಗಂಟೆ ಆಗಿರಬೇಕು. ಲೈಫ್ ಜಾಕೆಟ್ ಬಿಚ್ಚೋಣ ಅಂತ ನೋಡಿದರೆ ಬಕ್ಕಲ್ ಒತ್ತಲು ಬೆರಳು ಕೇಳಲಿಲ್ಲ. ಬೆರಳು ಕಾಣುತ್ತಿತ್ತು, ಆದರೆ ನನ್ನದು ಅನಿಸುತ್ತಿರಲಿಲ್ಲ. ಮಾತಾಡಲು ಹೋದರೆ ತುಟಿ ತಡವರಿಸಿತು. ಆಸ್ಪತ್ರೆಯಲ್ಲಿ ಬೇರೆಯವರಲ್ಲಿ ನೋಡಿದ ಲಕ್ಷಣಗಳು. ನನ್ನಲ್ಲೇ ಕಂಡಾಗ ಹೆದರಿದೆ. ಬಕ್ಕಲನ್ನು ಬೇರೆಯವರು ಬಿಚ್ಚಿದರು, ಕಂಬಳಿ ಹೊದೆಸಿದರು, ಬೋಟನ್ನು ನೇರ ದಡಕ್ಕೆ ತಂದರು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗೆ ಹೋದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತೇವೆ. ಆದರೆ ಅಲ್ಲಿಗೆ ತಲುಪುವ ಮೊದಲೇ ಕೈ ಕೆಲಸ ನಿಲ್ಲಿಸುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು ನೆನಪಿಡಲು ಸುಲಭವಾದ ಒಂದು ಲೆಕ್ಕ ಹೇಳಿಕೊಡುತ್ತಾರೆ: 1, 10, 1. ಮಂಜಿನಷ್ಟು ತಣ್ಣಗಿನ ನೀರಿಗೆ ಬಿದ್ದವರಿಗೆ ಏದುಸಿರು ಹತೋಟಿಗೆ ತರಲು 1 ನಿಮಿಷ. ಕೈಕಾಲು ಉಪಯೋಗಕ್ಕೆ ಬರುವುದು ಸುಮಾರು 10 ನಿಮಿಷ. ಎಚ್ಚರ ತಪ್ಪುವ ಮೊದಲು ಸುಮಾರು 1 ಗಂಟೆ. ನಡುವಿನ ಆ 10 ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನ್ನದು ಅಷ್ಟು ತಣ್ಣಗಿನ ನೀರಲ್ಲ, ಮೈಮೇಲೆ ಸೂಟೂ ಇತ್ತು. ಆದರೂ ದಾರಿ ಅದೇ. ಮೊದಲು ಹೋಗುವುದು ಬೆರಳು.

ಇಷ್ಟು ಗೊತ್ತಿದ್ದೂ ಮುಂದಿನ ವರ್ಷ ಗ್ಲೌಸ್ ಮೇಲೆ ಗ್ಲೌಸ್ ಕೊಂಡೆ. ಬೆರಳು ತಣ್ಣಗಾಯಿತಲ್ಲ, ಬೆರಳಿಗೆ ದಪ್ಪ ಹಾಕಬೇಕು ಅಂತ ಯೋಚನೆ. ಅದೂ ತಪ್ಪೇ. ಬೆನ್ನು, ಎದೆ ತಣ್ಣಗಾದಾಗ ಮೈ ತನ್ನ ಬಿಸಿ ರಕ್ತವನ್ನು ಒಳಗೆ ಎಳೆದುಕೊಳ್ಳುತ್ತದೆ, ಕೈಗೆ ಬರುವುದು ಕಡಿಮೆ ಆಗುತ್ತದೆ. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದ ವಿಷಯ ಇದು. ಆದರೆ ಅದು ನನ್ನ ಬಟ್ಟೆಗೂ ಸಂಬಂಧಿಸಿದ್ದು ಅಂತ ಹೊಳೆದದ್ದು ಅಮ್ಮ ಜಗಲಿಯಲ್ಲಿ ನಿಂತು ಗೊರಬೆಯ ಮಾತು ಹೇಳಿದಾಗ.

ಅಮ್ಮ ಹೇಳಿದ್ದು ಇಷ್ಟು. ನೇಜಿ ನೆಡುವಾಗ ಕಾಲು ನೀರಿನಲ್ಲೇ ಇರುತ್ತದೆ, ಕೈ ಕೆಸರಿನಲ್ಲೇ ಇರುತ್ತದೆ. ಅದನ್ನು ಒಣಗಿಸಲು ಯಾರಿಂದಲೂ ಆಗುವುದಿಲ್ಲ. ದಿನವಿಡೀ ಬಗ್ಗಿ ನಿಂತವರ ಬೆನ್ನಿಗೇ ಮಳೆ ಬೀಳುವುದು, ಗಾಳಿ ಹೊಡೆಯುವುದು. ಗೊರಬೆ ತಲೆಯಿಂದ ಸೊಂಟದ ತನಕ ಬೆನ್ನನ್ನು ಮುಚ್ಚುತ್ತದೆ. ಎರಡೂ ಕೈ ಬಿಡಿಯಾಗಿರುತ್ತದೆ. "ಬೆನ್ನು ಬೆಚ್ಚಗಿದ್ದರೆ ಕೈ ಕೆಲಸ ಮಾಡ್ತದೆ. ಬೆನ್ನು ಒದ್ದೆ ಆದ ದಿನ ಮಧ್ಯಾಹ್ನಕ್ಕೇ ಕೈ ಮರಗಟ್ತಿತ್ತು," ಅಂದಳು.

ವೆಟ್‌ಸೂಟ್ ಹುಟ್ಟಿದ್ದೂ ಇದೇ ತರಹದ ಒಂದು ತಿಳಿವಳಿಕೆಯಿಂದ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನೌಕಾಪಡೆಯ ಈಜುಗಾರರಿಗೆ ಬಟ್ಟೆ ಯೋಚಿಸುತ್ತಿದ್ದರು. ಅಲ್ಲಿಯವರೆಗೆ ಎಲ್ಲರೂ ಮೈಯನ್ನು ಒಣಗಿಸಿಡುವುದು ಹೇಗೆ ಅಂತಲೇ ತಲೆ ಕೆಡಿಸಿಕೊಂಡಿದ್ದರು. ಒಣಗಿರಬೇಕಾಗಿಲ್ಲ ಅಂತ ಅವರಿಗೆ ಹೊಳೆಯಿತು. ಬಟ್ಟೆಯಲ್ಲೇ ಗಾಳಿಯ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿದ್ದರೆ ಸಾಕು. ಒಳಗೆ ಚರ್ಮಕ್ಕೆ ತಾಗಿ ತೆಳ್ಳಗೆ ನೀರಿದ್ದರೂ ತೊಂದರೆ ಇಲ್ಲ. ಆ ನೀರನ್ನು ಮೈಯೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ನಿಯೋಪ್ರೀನ್ ಎಂಬ ರಬ್ಬರನ್ನು ಡುಪಾಂಟ್ ಕಂಪನಿ 1930ರಲ್ಲೇ ಕಂಡುಹಿಡಿದಿತ್ತು. ಅದನ್ನು ನೊರೆಯಂತೆ ಉಬ್ಬಿಸಿ ಮಾಡಿದ ಹಾಳೆಯೇ ಇಂದಿಗೂ ವೆಟ್‌ಸೂಟಿನ ಬಟ್ಟೆ.

ಇದರಲ್ಲಿ ಒಂದು ಷರತ್ತು ಇದೆ. ಒಳಗಿನ ನೀರು ಅಲ್ಲೇ ನಿಲ್ಲಬೇಕು. ಹೊಸ ತಣ್ಣೀರು ಬರುತ್ತಲೇ ಇದ್ದರೆ, ಮೈ ಮತ್ತೆ ಮತ್ತೆ ಅದನ್ನು ಕಾಯಿಸುತ್ತಲೇ ಇರಬೇಕು. ತೂತಾದ ಹಂಡೆಗೆ ಬೆಂಕಿ ಹಾಕಿದ ಹಾಗೆ. ನನ್ನ 5 ಮಿಲಿಮೀಟರ್ ಸೂಟಿನಲ್ಲಿ ಆದದ್ದು ಅದು. ದಪ್ಪಕ್ಕಿಂತ ಅಳತೆ ಮುಖ್ಯ ಅಂತ ನಾನು ಈಗ ಯಾರಿಗಾದರೂ ಹೇಳುತ್ತೇನೆ. ಜೊತೆಗೆ ದಪ್ಪ ಜಾಸ್ತಿ ಆದಷ್ಟೂ ತೋಳು ಮಡಚಲು, ಮೊಣಕಾಲು ಬಗ್ಗಿಸಲು ಶಕ್ತಿ ಬೇಕು. ಅರ್ಧ ಬಲ ಬಟ್ಟೆಯ ಜೊತೆ ಹೋರಾಡಲಿಕ್ಕೇ ಹೋಗುತ್ತದೆ.

ಹೊಸ ಸೂಟ್ 4/3. ಅಂದರೆ ಮೈಗೆ 4 ಮಿಲಿಮೀಟರ್, ಕೈಕಾಲಿಗೆ 3. ಅಮ್ಮನಿಗೆ ಅದನ್ನೇ ಉತ್ತರವಾಗಿ ಹೇಳಿದೆ. "ಹಾಗಾದರೆ ಸರಿ," ಅಂದಳು. ಅದನ್ನು ನಾನು ಊರಿಗೆ ತಂದದ್ದೇ ಪರೀಕ್ಷೆ ಮಾಡಲಿಕ್ಕೆ. ಅಕ್ಟೋಬರ್‌ನ ಕೆರೆಯಲ್ಲಿ ಅದು ಸರಿ ಇಲ್ಲ ಅಂತ ಗೊತ್ತಾದರೆ ತಡ ಆಯಿತು. ನಮ್ಮ ಕೆರೆಯ ನೀರು ತಣ್ಣಗಿಲ್ಲ, ಅದು ನನಗೆ ಗೊತ್ತು. ಬಾಯಾರಿನ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿವೆ. ನಮ್ಮ ಕೆರೆಗೂ ಸುರಂಗದ ನೀರೇ. ಥರ್ಮಾಮೀಟರ್ ಇಳಿಸಿದೆ, 26 ಡಿಗ್ರಿ ತೋರಿಸಿತು. ಈ ನೀರಿನಲ್ಲಿ ಚಳಿಯ ಪರೀಕ್ಷೆ ಆಗುವುದಿಲ್ಲ, ಅಳತೆಯ ಪರೀಕ್ಷೆ ಆಗುತ್ತದೆ.

ಮೊದಲು ಒಣ ನೆಲದಲ್ಲಿ ಹಾಕಿ ನೋಡಿದೆ. ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡರೆ ಸೂಟ್ ಸಲೀಸಾಗಿ ಜಾರುತ್ತದೆ. ಉಗುರಿನಿಂದ ಎಳೆಯಬಾರದು, ನಿಯೋಪ್ರೀನ್ ಸೀಳುತ್ತದೆ. ಬೆರಳ ತುದಿಯ ಮಾಂಸದಿಂದ ಹಿಡಿದು ಸ್ವಲ್ಪ ಸ್ವಲ್ಪವೇ ಮೇಲೆ ತರಬೇಕು. ಹಾಕಲು ಹತ್ತು ನಿಮಿಷ ಹಿಡಿಯಿತು. ಈಗ ನನಗೆ ಗೊತ್ತು, ಅದು ಒಳ್ಳೆಯ ಲಕ್ಷಣ. ಸೊಂಟದ ಹಿಂದಿನ ಕುಳಿ, ಕಂಕುಳು, ಮೊಣಕಾಲಿನ ಹಿಂಭಾಗ, ಈ ಮೂರು ಕಡೆ ಸೂಟ್ ಮೈಗೆ ಅಂಟಿರಬೇಕು. ಹೆಂಗಸರಿಗೆ ಸೊಂಟದ ಹಿಂದೆಯೇ ಸಾಮಾನ್ಯವಾಗಿ ಜಾಗ ಉಳಿಯುವುದು. ಗಂಡಸರ ಅಳತೆಯ ಸೂಟ್ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಂಡರೆ ಅಲ್ಲಿ ನೀರು ನಿಂತು ಕುಲುಕುತ್ತದೆ. ಕತ್ತು ಬಿಗಿಯಾಗಿರಬೇಕು, ಆದರೆ ನುಂಗುವಾಗ ಕಷ್ಟ ಆಗಬಾರದು, ತಲೆ ಭಾರ ಅನಿಸಬಾರದು.

ಆಮೇಲೆ ಅಂಗಳದ ಹಲಸಿನ ಮರಕ್ಕೆ ಸ್ಕೀ ಹಗ್ಗ ಕಟ್ಟಿದೆ. ಹ್ಯಾಂಡಲ್ ಹಿಡಿದು, ತೋಳು ನೇರ ಮಾಡಿ, ಮೊಣಕಾಲು ಬಗ್ಗಿಸಿ, ಹಿಂದಕ್ಕೆ ವಾಲಿ ನಿಂತೆ. ಸ್ಕೀ ಮಾಡುವಾಗಿನ ಭಂಗಿ. ಎರಡೆರಡು ನಿಮಿಷ, ಐದು ಸಲ. ಹಳೆಯ ಸೂಟಿನಲ್ಲಿ ಮೂರನೆಯ ಸಲಕ್ಕೆ ಮುಂಗೈ ಸ್ನಾಯು ಉರಿಯತೊಡಗಿತು. ಹೊಸದರಲ್ಲಿ ಐದೂ ಮುಗಿಸಿದೆ. ಅಂಗಡಿಯ ಕನ್ನಡಿಯ ಮುಂದೆ ನೇರ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ. ಯಾವ ಕೆಲಸಕ್ಕೆ ಬಟ್ಟೆಯೋ ಆ ಕೆಲಸದ ಭಂಗಿಯಲ್ಲೇ ನೋಡಬೇಕು. ಗೊರಬೆಯೂ ಹಾಗೆಯೇ. ನೇರ ನಿಂತವರ ಮೇಲೆ ಅದು ಸರಿ ಕೂರುವುದಿಲ್ಲ, ಬಗ್ಗಿದವರ ಬೆನ್ನಿಗೇ ಅದರ ಅಳತೆ.

ಕೆರೆಗೆ ಮೂರನೆಯ ಮೆಟ್ಟಿಲಿನಿಂದ ಹಾರಿದೆ. ಎಲ್ಲಿಂದ ನೀರು ನುಗ್ಗುತ್ತದೆ ಅಂತ ಗಮನಿಸುವುದೇ ಕೆಲಸ. ಕತ್ತಿನಿಂದ ಸ್ವಲ್ಪ ಬಂತು, ಬೆನ್ನಿನ ಝಿಪ್ಪಿನಿಂದ ಇನ್ನೂ ಸ್ವಲ್ಪ. ಝಿಪ್ಪಿನ ಒಳಗೆ ಅಡ್ಡ ಬರುವ ಪಟ್ಟಿ ಮಡಚಿಕೊಂಡಿತ್ತು. ಅದನ್ನು ಸರಿ ಮಾಡಿ ಮತ್ತೆ ಹಾರಿದಾಗ ನಿಂತಿತು. ಹೊಲಿಗೆಯಿಂದ ಬರಲಿಲ್ಲ. ಹಳೆಯ ಸೂಟಿನಲ್ಲಿ ಸೂಜಿ ಆಚೆಯಿಂದ ಈಚೆಗೆ ಪೂರ್ತಿ ಹಾದು ಹೋದ ಹೊಲಿಗೆ. ಪ್ರತಿ ತೂತೂ ನೀರಿಗೆ ದಾರಿ. ಹೊಸದರಲ್ಲಿ ಅಂಚುಗಳನ್ನು ಮೊದಲು ಗೋಂದಿನಿಂದ ಅಂಟಿಸಿ, ಸೂಜಿ ಅರ್ಧ ದಪ್ಪಕ್ಕೆ ಮಾತ್ರ ಹೋಗುವ ಹಾಗೆ ಹೊಲಿದಿದ್ದಾರೆ. ಹಣ ಕೊಡುವುದಾದರೆ ಇದಕ್ಕೆ ಕೊಡಬೇಕು. ಬಣ್ಣಕ್ಕೆ, ಹೆಸರಿಗೆ ಕೊಡಬೇಕಾಗಿಲ್ಲ.

ಲೈಫ್ ಜಾಕೆಟನ್ನು ಸೂಟಿನ ಮೇಲೆಯೇ ಹಾಕಿ ನೋಡಬೇಕು. ಬೇಸಗೆಯಲ್ಲಿ ಬನಿಯನ್ ಮೇಲೆ ಸರಿಯಾದ ಜಾಕೆಟ್ 4 ಮಿಲಿಮೀಟರ್ ರಬ್ಬರಿನ ಮೇಲೆ ಎದೆ ಹಿಡಿಯುತ್ತದೆ, ಉಸಿರು ಪೂರ್ತಿ ಬರುವುದಿಲ್ಲ. ಪಟ್ಟಿಗಳನ್ನು ಸಡಿಲಿಸಿ, ಕೆರೆಯಲ್ಲಿ ತೇಲಿ, ತಮ್ಮನ ಹತ್ತಿರ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿದೆ. ಜಾಕೆಟ್ ಕಿವಿಯವರೆಗೆ ಬಂದರೆ ಸಡಿಲ. ವೆಟ್‌ಸೂಟ್ ತಾನೇ ತೇಲಿಸುತ್ತದೆ, ಜಾಕೆಟ್ ಯಾಕೆ ಅಂತ ಕೇಳುವವರಿದ್ದಾರೆ. ಬಿದ್ದ ಪೆಟ್ಟಿಗೆ ಎಚ್ಚರ ತಪ್ಪಿದವರ ಮುಖವನ್ನು ವೆಟ್‌ಸೂಟ್ ನೀರಿನ ಮೇಲೆ ಹಿಡಿಯುವುದಿಲ್ಲ. ಜಾಕೆಟ್ ಬೇಕೇ ಬೇಕು.

ಇನ್ನೊಂದು ವಿಷಯ ಹೆಂಗಸರಿಗಾಗಿ ನೇರವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ವೇಗದಲ್ಲಿ ಬಿದ್ದಾಗ ನೀರು ಒತ್ತಡದಿಂದ ದೇಹದ ಒಳಗೆ ನುಗ್ಗಿ ಯೋನಿಗೆ, ಗುದದ್ವಾರಕ್ಕೆ ಗಂಭೀರವಾದ ಗಾಯ ಆಗಬಹುದು. ವೈದ್ಯಕೀಯದಲ್ಲಿ ಇದು ದಾಖಲಾದ ವಿಷಯ. ತೆಳುವಾದ ಈಜು ಬಟ್ಟೆ ಇದನ್ನು ತಡೆಯುವುದಿಲ್ಲ. ಬೇಸಗೆಯಲ್ಲೂ, ನೀರು ಬಿಸಿ ಇದ್ದಾಗಲೂ, ಕನಿಷ್ಠ ನಿಯೋಪ್ರೀನ್ ಚಡ್ಡಿ ಹಾಕಿಯೇ ಇಳಿಯಿರಿ. ನಾಚಿಕೆಯಿಂದ ಮುಚ್ಚಿಡುವ ಮಾತಲ್ಲ ಇದು.

ಗಾಳಿಯ ಪರೀಕ್ಷೆ ಹೇಗೆ ಮಾಡುವುದು ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ತಮ್ಮನೇ ದಾರಿ ತೋರಿಸಿದ. "ಅಕ್ಕಾ, ಬೈಕಿನಲ್ಲಿ ಹಿಂದೆ ಕೂತುಕೋ," ಅಂದ. ಆಟಿಯ ಮಳೆ ಹೊಯ್ಯುತ್ತಿತ್ತು. ಕೆರೆಗೆ ಮುಳುಗಿ ಎದ್ದು, ಹೆಲ್ಮೆಟ್ ಹಾಕಿ, ಅವನ ಬೈಕಿನ ಹಿಂದೆ ಕೂತು ಉಪ್ಪಳದ ಕಡೆಗೆ ಇಪ್ಪತ್ತು ನಿಮಿಷ ಹೋದೆವು. ಒಂದು ದಿನ ಹಳೆಯ ಸೂಟಿನಲ್ಲಿ, ಮಾರನೆಯ ದಿನ ಹೊಸದರಲ್ಲಿ. ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು, ನೋಡಲಿ. ಹಳೆಯದರ ಹೊರಮೈ ಪೂರ್ತಿ ಬಟ್ಟೆ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಗಾಳಿಗೆ ಆ ನೀರು ಆರುತ್ತಾ ಆರುತ್ತಾ ಮೈಯ ಶಾಖವನ್ನೂ ಒಯ್ಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ ಅಲ್ವಾ? ಹೊಸದರ ಎದೆ ಬೆನ್ನು ನುಣುಪು ರಬ್ಬರ್. ಕೆಸುವಿನ ಎಲೆಯ ಹಾಗೆ ನೀರು ಅದರ ಮೇಲೆ ನಿಲ್ಲುವುದಿಲ್ಲ. ನಮ್ಮ ಊರಿನ ಬೆಚ್ಚಗಿನ ಮಳೆಯಲ್ಲೂ ವ್ಯತ್ಯಾಸ ಬೆನ್ನಿಗೆ ಗೊತ್ತಾಯಿತು.

ಅವತ್ತು ಉಪ್ಪಳದಲ್ಲಿ ಚಹಾ ಕುಡಿಯುತ್ತಾ ನಿಂತಾಗ ಮೈ ನಡುಗುತ್ತಿರಲಿಲ್ಲ, ಆದರೆ ಕೈ ತಣ್ಣಗಿತ್ತು. ತಮ್ಮ ತನ್ನ ರೈನ್‌ಕೋಟ್ ಬಿಚ್ಚಿ ನನಗೆ ಹಾಕಿದ. ಐದೇ ನಿಮಿಷ. ಬೆರಳಿಗೆ ರಕ್ತ ಬಂದದ್ದು ಕಂಡಿತು. ಸುಮ್ನೆ ಗಾಳಿ ತಡೆಯುವ ಒಂದು ಪದರ! ಸ್ಕೀ ಮಾಡುವುದು ಹತ್ತು ನಿಮಿಷ, ಬೋಟಿನಲ್ಲಿ ಕೂರುವುದು ಒಂದು ಗಂಟೆ. ಮೂರು ವರ್ಷ ನಾನು ಆ ಹತ್ತು ನಿಮಿಷಕ್ಕೆ ಮಾತ್ರ ಬಟ್ಟೆ ಹುಡುಕಿದ್ದೆ. ಕೂತು ಕಾಯುವ ಗಂಟೆಗೆ ಏನೂ ಕೊಂಡಿರಲಿಲ್ಲ. ಜಗಲಿಯಲ್ಲಿ ತೂಗುತ್ತಿದ್ದ ಗೊರಬೆ ಆಗ ನನಗೆ ಪೂರ್ತಿ ಅರ್ಥ ಆಯಿತು.

ಸೂಟಿನ ಮೇಲೆ ಹಾಕುವ ಉದ್ದ ಕೋಟುಗಳಿವೆ. ಮೊಣಕಾಲಿನ ತನಕ, ತಲೆಗೆ ಟೊಪ್ಪಿ, ಒಳಗೆ ಉಣ್ಣೆಯಂಥ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಬಟ್ಟೆ. ಅಂಥದ್ದನ್ನು ತರಿಸಿದೆ. ತೋಳು ಉದ್ದವಾಗಿ ಅಂಗೈ ಮುಚ್ಚುತ್ತಿತ್ತು. ಅಮ್ಮ ಅದನ್ನು ಹಾಕಿಕೊಂಡು ಮಳೆಯಲ್ಲಿ ಹಟ್ಟಿಗೆ ಹೋಗಿ ಬಂದಳು. "ಬೆಚ್ಚಗೆ ಉಂಟು. ಆದರೆ ಕೈ ಬಿಡಿ ಆಗ್ಬೇಕು," ಅಂದಳು. ಉಪ್ಪಳದ ದರ್ಜಿಯೊಬ್ಬರು ತೋಳನ್ನು ನಾಲ್ಕು ಬೆರಳು ಮಡಚಿ, ಮಣಿಕಟ್ಟಿಗೆ ಇಲಾಸ್ಟಿಕ್ ಹಾಕಿ ಕೊಟ್ಟರು.

ಕೈಯ ಪರೀಕ್ಷೆ ಒಂದೇ ನಿಜವಾದ ಚಳಿಯ ಪರೀಕ್ಷೆ ಆಯಿತು. ತಮ್ಮ ಮೀನಿನ ಅಂಗಡಿಯಿಂದ ಐಸ್ ತಂದ. ಬಕೆಟಿನ ನೀರಿಗೆ ಹಾಕಿ 10 ಡಿಗ್ರಿಗೆ ಇಳಿಸಿದೆ. ಎರಡು ನಿಮಿಷ ಕೈ ಮುಳುಗಿಸಿ, ಕೂಡಲೇ ಲೈಫ್ ಜಾಕೆಟಿನ ಬಕ್ಕಲ್ ಹಾಕುವುದು, ಬಿಚ್ಚುವುದು, ಹ್ಯಾಂಡಲ್ ಹಿಡಿದು ವಾಲುವುದು. ಬರಿಗೈಯಲ್ಲಿ ನೋವಾಯಿತು, ಆದರೂ ಬಕ್ಕಲ್ ಬಿಚ್ಚಿತು. 3 ಮಿಲಿಮೀಟರ್ ಗ್ಲೌಸ್ ಹಾಕಿದಾಗ ನೋವಿಲ್ಲ, ಆದರೆ ಬಕ್ಕಲ್ ಬೆರಳಿಗೆ ಸಿಗಲಿಲ್ಲ. ಹ್ಯಾಂಡಲ್ ಹಿಡಿಯುವಾಗಲೂ ರಬ್ಬರ್ ಅಂಗೈಯಲ್ಲಿ ಮಡಚಿಕೊಂಡು ಕೋಲು ದಪ್ಪ ಆದ ಹಾಗೆ ಅನಿಸಿತು, ಮುಂಗೈ ಬೇಗ ಸೋತಿತು. ಅಂಗೈಗೆ ತೆಳು, ಹಿಂಗೈಗೆ 2 ಮಿಲಿಮೀಟರ್ ಇರುವ ಗ್ಲೌಸ್ ಒಂದಿತ್ತು. ಎರಡೂ ಕೆಲಸ ಅದರಲ್ಲಿ ಆಯಿತು. ಬೀರುವಿನಲ್ಲಿ ಉಳಿದ ನಾಲ್ಕು ಜೊತೆ ಸುಮ್ಮನೆ ಇವೆ. ಹೃದಯದ ತೊಂದರೆ ಇದ್ದವರು, ಚಳಿಗೆ ಬೆರಳು ಬೆಳ್ಳಗಾಗುವವರು ಈ ಬಕೆಟ್ ಪರೀಕ್ಷೆ ಮಾಡಬೇಡಿ. ಮಾಡುವವರೂ ಒಬ್ಬರೇ ಇರುವಾಗ ಬೇಡ.

ಕಾಲಿನ ಬೈಂಡಿಂಗ್, ಅಂದರೆ ಸ್ಕೀಗೆ ಪಾದ ಕೂರಿಸುವ ರಬ್ಬರ್ ಬೂಟು, ಚಳಿಗೆ ಗಟ್ಟಿ ಆಗುತ್ತದೆ. ಅದನ್ನು ನೋಡಿದ್ದು ನಮ್ಮ ತೋಟದಲ್ಲಿ ಅಡಿಕೆ ಕೊಯ್ಯಲು ಬರುವ ಅಣ್ಣ. ಅವರು ಕಾಲಿಗೆ ತಳೆ ಹಾಕಿ ಮರ ಏರುವವರು. ಬೈಂಡಿಂಗಿನೊಳಗೆ ಕೈ ಹಾಕಿ ಹಿಮ್ಮಡಿಯ ಜಾಗ ಒತ್ತಿ ನೋಡಿ, "ಬಿಗಿ ಇರಬೇಕು, ಆದರೆ ಬೀಳುವಾಗ ಕಾಲು ಬಿಟ್ಟು ಬರಬೇಕಲ್ಲ?" ಅಂತ ಕೇಳಿದರು. ಅದೇ ಸರಿಯಾದ ಪ್ರಶ್ನೆ. ಸಡಿಲ ಇದ್ದರೆ ಸ್ಕೀ ತಿರುಗುವುದಿಲ್ಲ, ಅತಿ ಬಿಗಿ ಇದ್ದರೆ ಬಿದ್ದಾಗ ಕಾಲಿನ ಗಂಟು ತಿರುಚುತ್ತದೆ. ಬೆಚ್ಚಗಿರಲಿ ಅಂತ ಒಳಗೆ ರಬ್ಬರ್ ಕಾಲುಚೀಲ ಹಾಕುವುದಾದರೆ, ಅದನ್ನು ಹಾಕಿಕೊಂಡೇ ಬೈಂಡಿಂಗನ್ನು ಮತ್ತೆ ಹೊಂದಿಸಬೇಕು. ಕಾಲು ಜಾರಿಸಲು ಸೋಪಿನ ನೀರು ಸಾಕು. ಗ್ರೀಸ್, ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ರಬ್ಬರ್ ಹಾಳಾಗುತ್ತದೆ.

ಡ್ರೈಸೂಟ್ ಬಗ್ಗೆ ಕೇಳುವವರಿಗೆ: ಒಂದು ಸಲ ಎರವಲು ಪಡೆದು ಹಾಕಿದ್ದೇನೆ. ಕತ್ತು, ಮಣಿಕಟ್ಟಿಗೆ ಲೇಟೆಕ್ಸ್ ಪಟ್ಟಿ, ಒಳಗೆ ಫ್ಲೀಸ್ ಬಟ್ಟೆ, ನೀರು ಬರುವುದೇ ಇಲ್ಲ. 10 ಡಿಗ್ರಿಗಿಂತ ಕೆಳಗೂ ಇಳಿಯುವವರು ಅದನ್ನೇ ತೆಗೆದುಕೊಳ್ಳಲಿ. ಒಳಗಿನ ಗಾಳಿಯನ್ನು ಮೊದಲು ಕತ್ತಿನಿಂದ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಉಬ್ಬಿಕೊಂಡು ಈಜಲು ಕಷ್ಟ. ಒಳಗೆ ಹತ್ತಿ ಬಟ್ಟೆ ಬೇಡ, ಬೆವರಿಗೆ ಒದ್ದೆ ಆಗಿ ಅದೇ ಚಳಿ ಹಿಡಿಸುತ್ತದೆ. ನನಗೆ ನೀರು ಮೈಗೆ ತಾಗಬೇಕು. ಅದಕ್ಕೆ ವೆಟ್‌ಸೂಟಿನಲ್ಲೇ ಉಳಿದೆ.

ಆಟಿಯಲ್ಲಿ ಸೂಟ್ ಒಣಗಿಸುವುದೇ ಒಂದು ಕೆಲಸ. ಎರಡೇ ದಿನದಲ್ಲಿ ಕಂಕುಳಿನ ಹತ್ತಿರ ಬೂಸು ಕಾಣಿಸಿತು. ಬಿಸಿಲಿಲ್ಲ, ಬಿಸಿಲಿದ್ದರೂ ನಿಯೋಪ್ರೀನಿಗೆ ಅದು ಒಳ್ಳೆಯದಲ್ಲ. ಬಾವಿ ನೀರಿನಲ್ಲಿ ತೊಳೆದು, ಒಳಮೈ ಹೊರಗೆ ಮಾಡಿ, ಅಗಲದ ಹ್ಯಾಂಗರ್‌ನಲ್ಲಿ ಹಾಕಿ ಫ್ಯಾನ್ ಕೆಳಗೆ ಇಟ್ಟೆ. ಬಚ್ಚಲ ಒಲೆಯ ಮೇಲೆ ಕಟ್ಟೋಣ ಅಂತ ಅಮ್ಮ ಹೇಳಿದಳು, ಆ ಬಿಸಿ ಜಾಸ್ತಿ ಅಂತ ನಾನು ಒಪ್ಪಲಿಲ್ಲ.

ಅಕ್ಟೋಬರ್‌ನಲ್ಲಿ ಆ ಕೆರೆಗೆ ಮತ್ತೆ ಹೋದೆ. ನೀರು 11 ಡಿಗ್ರಿ, ಹಿಂದಿನದಕ್ಕಿಂತ ಒಂದು ಕಡಿಮೆ. ಎರಡು ಸಲ ಬಿದ್ದೆ. ಕತ್ತಿನಿಂದ ಬಂದ ನೀರು ಬೆನ್ನಿನ ನಡುವೆಯೇ ನಿಂತು ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಬೋಟಿಗೆ ಹತ್ತಿದ ಕೂಡಲೇ, ಯಾರ ಹತ್ತಿರವೂ ಮಾತಾಡದೆ, ಮೊದಲು ಕೋಟ್ ಹಾಕಿದೆ. ಟೊಪ್ಪಿ ಎಳೆದುಕೊಂಡು, ಗಾಳಿಗೆ ಬೆನ್ನು ಕೊಟ್ಟು ಕೂತೆ. ನನ್ನ ನಂತರ ಮೂವರು ಸ್ಕೀ ಮಾಡಿದರು. ದಡಕ್ಕೆ ಬಂದಾಗ ಬಕ್ಕಲ್ ನಾನೇ ಬಿಚ್ಚಿದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. ಹೇಗಿತ್ತು, ಎಷ್ಟು ಸಲ ಬಿದ್ದೆ ಅಂತ ಏನೂ ಕೇಳಲಿಲ್ಲ.

"ಬೆನ್ನು?" ಅಂದಳು.

"ಬೆಚ್ಚಗಿತ್ತು ಅಮ್ಮಾ."

"ಹಾಂ," ಅಂದಳು. ಆಮೇಲೆ ಈ ಸಲ ಕೊಳೆರೋಗಕ್ಕೆ ಕೆಳಗಿನ ತೋಟದ ಅಡಿಕೆ ಎಷ್ಟು ಉದುರಿತು ಅಂತ ಹೇಳತೊಡಗಿದಳು.